ಗೃಹಸ್ಥರಿಗೆ ನಾಲ್ಕು ಮಾತು: ಗಾಜು ಒಡೆಯುವ ಬಗೆ

ಗಾಜೆಂಬುದು ನಮ್ಮ ನುಡಿಗೆ ಹೊಸ ಮಾತಲ್ಲ. ಸಂಸ್ಕೃತದ ‘ಕಾಚ’ ಶಬ್ದವೇ ಕನ್ನಡದಲ್ಲಿ ‘ಗಾಜು’ ಎಂದು ತದ್ಭವವಾಗಿ ನಿಂತಿತೆಂಬುದನ್ನು ವ್ಯಾಕರಣವನ್ನೋದಿದವರು ಬಲ್ಲರು. ನಮ್ಮ ಹಿರಿಯರು ಕಾಚವನ್ನು ಮಣಿಯ ಪಕ್ಕದಲ್ಲಿಟ್ಟು ನೋಡಿ, ಹೊಳಪಿನಲ್ಲಿ ಸಮನಾದರೂ ಯೋಗ್ಯತೆಯಲ್ಲಿ ಕೀಳೆಂದು ತೀರ್ಮಾನಿಸಿದ್ದರು. ಗೃಹಸ್ಥರ ಮನೆಗಳಿಗೆ ಅದು ಬಂದುದೂ ಅಂಥ ಸಣ್ಣ ಪದಾರ್ಥವಾಗಿಯೇ: ಹೆಣ್ಣುಮಕ್ಕಳ ಕೈಬಳೆಯಾಗಿ, ಲಾಂದ್ರದ ಬುರುಡೆಯಾಗಿ, ದೇವರ ಪಟದ ಹೊದಿಕೆಯಾಗಿ, ಮಾಳಿಗೆಯ ಬೆಳಕಿಂಡಿಯ ಮೇಲಿಟ್ಟ ಗೇಣಗಲದ ಫಲಕವಾಗಿ. ಒಡೆದರೆ ನಷ್ಟವು ಅಲ್ಪ. ಗುಡಿಸಿ ಹಿತ್ತಲ ಮೂಲೆಗೆ ಹಾಕಿದರೆ ಕೆಲಸ ಮುಗಿಯುತ್ತಿದ್ದಿತು.

ಈಗಿನ ಸ್ಥಿತಿ ಹಾಗಿಲ್ಲ. ದಾವಣಗೆರೆಯ ವಿದ್ಯಾನಗರದ ಕಡೆಗಾಗಲಿ, ಹರಿಹರದ ಹೊಸ ಬಡಾವಣೆಗಳ ಕಡೆಗಾಗಲಿ ಒಮ್ಮೆ ನಡೆದುಹೋದರೆ, ಗಾಜು ಮನೆಯ ಗೋಡೆಯಾಗಿಯೂ ಬಾಗಿಲಾಗಿಯೂ ಛಾವಣಿಯಾಗಿಯೂ ಬೆಳೆದಿರುವುದು ಕಾಣಬರುವುದು. ಮೆಟ್ಟಿಲಿನ ಪಕ್ಕದ ರೇಲಿಂಗು ಗಾಜಿನದು. ಸ್ನಾನದ ಮನೆಯ ಅಡ್ಡತಡಿಕೆ ಗಾಜಿನದು. ಮಂಡಿಪೇಟೆಯ ಅಂಗಡಿಗೆ ಹೋದರೆ ಆಳೆತ್ತರದ ಬಾಗಿಲೂ ಗಾಜಿನದು. ಬೆಳಕನ್ನು ಒಳಕ್ಕೆ ಬಿಟ್ಟು ಗಾಳಿಮಳೆಗಳನ್ನು ಹೊರಗೆ ನಿಲ್ಲಿಸುವ ಇಂಥ ವಸ್ತು ಮತ್ತೊಂದಿಲ್ಲ. ಅದನ್ನು ಬಯಸುವುದು ತಪ್ಪೂ ಅಲ್ಲ. ಆದರೆ ಗೇಣಗಲದ ಗಾಜಿನೊಡನೆ ಬಾಳಿದ ರೀತಿಯಲ್ಲೇ ಆಳೆತ್ತರದ ಗಾಜಿನೊಡನೆ ಬಾಳಲಾಗದೆಂಬುದನ್ನು ನಾವು ಇನ್ನೂ ಮನಗಂಡಂತೆ ತೋರುವುದಿಲ್ಲ.

ಮನೆ ಕಟ್ಟಿಸುತ್ತಿರುವ ನೆರೆಯವರೊಬ್ಬರು ಈಚೆಗೆ ನನ್ನೊಡನೆ, “ಮೇಷ್ಟ್ರೆ, ಮೆಟ್ಟಿಲಿಗೆ ಹನ್ನೆರಡು ಎಂ.ಎಂ. ದಪ್ಪದ ಗಾಜು ಹಾಕಿಸುತ್ತೇನೆ; ಆನೆ ಒರಗಿದರೂ ಏನೂ ಆಗುವುದಿಲ್ಲವಂತೆ” ಎಂದು ಹೆಮ್ಮೆಯಿಂದ ಹೇಳಿದರು. “ಬಹಳ ಸಂತೋಷ, ಯಜಮಾನರೆ. ಒಡೆಯುವುದಿಲ್ಲವೆಂದೇ ಇಟ್ಟುಕೊಳ್ಳೋಣ. ಒಂದು ವೇಳೆ ಒಡೆದರೆ ಅದು ಹೇಗೆ ಒಡೆಯುವುದೆಂದು ವಿಚಾರಿಸಿದಿರಾ?” ಎಂದೆನು. ಅವರು ಸುಮ್ಮನಾದರು. ಆ ಮೆಟ್ಟಿಲುಗಳ ಮೇಲೆ ದಿನಕ್ಕೆ ನೂರು ಸಲ ಏರಿ ಇಳಿಯಬೇಕಾದವರು ಅವರ ಮೊಮ್ಮಕ್ಕಳಿಬ್ಬರು. ಈ ಸಂಚಿಕೆಯಲ್ಲಿ ಹೇಳಬೇಕೆಂದಿರುವ ವಿಷಯದ ತಿರುಳೂ ಇದೇ: ಗಟ್ಟಿಯಾದ ಗಾಜು ಬೇರೆ, ಸುರಕ್ಷಿತವಾದ ಗಾಜು ಬೇರೆ. ಒಡೆಯದ ಗಾಜೆಂಬುದು ಲೋಕದಲ್ಲಿಲ್ಲ. ಒಡೆದಾಗ ಮನುಷ್ಯನಿಗೆ ಅಪಾಯವಾಗದಂತೆ ಮೊದಲೇ ಯೋಚಿಸಿ ಸಿದ್ಧಪಡಿಸಿದ ಗಾಜಿಗೆ ಸುರಕ್ಷಾಗಾಜೆಂದು ಹೆಸರು.

ಮೊದಲು ಸಾದಾ ಗಾಜಿನ ಸ್ವಭಾವವನ್ನು ನೋಡೋಣ. ಮರಳು, ಸೋಡಾ, ಸುಣ್ಣ ಇವುಗಳನ್ನು ಕರಗಿಸಿ, ಆ ದ್ರವವನ್ನು ಕರಗಿದ ತವರದ ಮೇಲೆ ತೇಲಿಬಿಟ್ಟು ಕಿಟಕಿಯ ಗಾಜನ್ನು ತಯಾರಿಸುವರು. ಇಂಗ್ಲೆಂಡಿನ ಅಲಸ್ಟೇರ್ ಪಿಲ್ಕಿಂಗ್ಟನ್ ಎಂಬಾತನು ಸಾಧಿಸಿದ ಈ ಕ್ರಮವು ೧೯೫೯ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಹೀಗೆ ತಯಾರಾದ ಗಾಜು ಅದುಮುವ ಬಲವನ್ನು ಚೆನ್ನಾಗಿ ತಾಳುವುದು, ಎಳೆಯುವ ಬಲವನ್ನು ಮಾತ್ರ ತಾಳಲಾರದು. ಅದರ ಮೈಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮವಾದ ಗೀರುಗಳಿರುವುವು. ಗಾಜು ಬಾಗಿದಾಗ ಎಳೆತವೆಲ್ಲ ಆ ಗೀರಿನ ತುದಿಯಲ್ಲಿ ಕೂಡಿಕೊಂಡು ಬಿರುಕು ಓಡುವುದೆಂದು ಗ್ರಿಫಿತ್ ಎಂಬ ಇಂಗ್ಲಿಷ್ ಶಾಸ್ತ್ರಜ್ಞನು ೧೯೨೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿಕೊಟ್ಟನು. ಸಾದಾ ಗಾಜು ಒಡೆದರೆ ಕತ್ತಿಯಂತೆ ಉದ್ದವಾದ, ಮೊನಚಾದ ಚೂರುಗಳಾಗುವುದು. ದಪ್ಪವನ್ನು ಹೆಚ್ಚಿಸಿದರೆ ಅದು ಒಡೆಯುವುದು ಕಷ್ಟವಾದೀತು, ನಿಜ. ಆದರೆ ಒಡೆದಾಗ ಆ ಕತ್ತಿಯ ತೂಕವೂ ಹೆಚ್ಚಾಗಿರುವುದು. ದಪ್ಪವೊಂದನ್ನೇ ನಂಬಿದವರು ಈ ಎರಡನೆಯ ಮಾತನ್ನು ಮರೆಯುವರು.

ಇನ್ನು ಸುರಕ್ಷಾಗಾಜಿನ ಎರಡು ಮುಖ್ಯ ಜಾತಿಗಳು. ಮೊದಲನೆಯದು ಹದಗೊಳಿಸಿದ ಗಾಜು. ಅಂಗಡಿಯವರು ಇದನ್ನು ‘ಟಫನ್ಡ್’ ಎನ್ನುವರು. ಸಾದಾ ಗಾಜನ್ನು ಬೇಕಾದ ಅಳತೆಗೆ ಕತ್ತರಿಸಿ, ರಂಧ್ರಗಳನ್ನು ಕೊರೆದು, ಅಂಚುಗಳನ್ನು ಉಜ್ಜಿ, ಬಳಿಕ ೬೨೦ ಡಿಗ್ರಿ ಸೆಂಟಿಗ್ರೇಡಿಗೂ ಮೇಲ್ಪಟ್ಟು ಕಾಯಿಸಿ, ಎರಡು ಮೈಗಳಿಗೂ ಒಮ್ಮೆಲೇ ಬಿರುಗಾಳಿಯನ್ನೂದಿ ಆರಿಸುವರು. ಹೊರಮೈ ತಟಕ್ಕನೆ ಆರಿ ಬಿಗಿಯುವುದು. ಒಳಗಿನ ತಿರುಳು ತಡವಾಗಿ ಆರಿ ಕುಗ್ಗುತ್ತ ಹೊರಮೈಯನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದು. ನಮ್ಮ ಕಡೆಯ ಕಮ್ಮಾರನು ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿಯನ್ನು ಕಾಯಿಸಿ ತೊಡಿಸಿ ನೀರೆರೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವುದು. ಅಲ್ಲಿ ಹಳಿಯು ಕುಗ್ಗಿ ಮರವನ್ನು ಅದುಮಿ ಹಿಡಿಯುವಂತೆ, ಇಲ್ಲಿ ಒಳತಿರುಳು ಕುಗ್ಗಿ ಹೊರಮೈಯನ್ನು ಅದುಮಿ ಹಿಡಿಯುವುದು. ಅದುಮಿ ಹಿಡಿದ ಮೈಯಲ್ಲಿ ಗೀರು ಬಾಯ್ದೆರೆಯಲಾರದು. ತತ್ಪ್ರಯುಕ್ತ ಈ ಗಾಜು ಅದೇ ದಪ್ಪದ ಸಾದಾ ಗಾಜಿಗಿಂತ ನಾಲ್ಕೈದು ಪಾಲು ಹೆಚ್ಚು ಬಲವುಳ್ಳದ್ದಾಗಿರುವುದು. ಫ್ರಾನ್ಸಿನ ದ ಲಾ ಬಾಸ್ತಿ ಎಂಬಾತನು ೧೮೭೪ರಲ್ಲಿಯೇ ಕಾದ ಗಾಜನ್ನು ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿ ಹದಗೊಳಿಸುವ ಕ್ರಮವೊಂದಕ್ಕೆ ಹಕ್ಕುಪತ್ರವನ್ನು ಪಡೆದಿದ್ದನು.

ಹದಗೊಳಿಸಿದ ಗಾಜಿನ ಹೆಚ್ಚುಗಾರಿಕೆಯು ಅದರ ಬಲದಲ್ಲಿರುವುದಕ್ಕಿಂತ ಒಡೆಯುವ ರೀತಿಯಲ್ಲಿರುವುದು. ಬಿರುಕು ತಿರುಳನ್ನು ಮುಟ್ಟಿದ ಕ್ಷಣವೇ ಒಳಗೆ ಬಿಗಿದಿಟ್ಟ ಶಕ್ತಿಯೆಲ್ಲ ಬಿಡುಗಡೆಯಾಗಿ, ಇಡೀ ಫಲಕವು ಕಲ್ಲುಸಕ್ಕರೆಯ ಹರಳುಗಳಂತೆ ಉದುರಿಬೀಳುವುದು. ಆ ಹರಳುಗಳಿಂದ ತರಚುಗಾಯವಾದೀತು. ಕತ್ತಿಯಿಂದ ಸೀಳಿದಂಥ ಗಾಯವಾಗುವುದು ವಿರಳ. ದೋಷಗಳೂ ಇಲ್ಲದಿಲ್ಲ. ಒಮ್ಮೆ ಹದಗೊಳಿಸಿದ ಮೇಲೆ ಅದನ್ನು ಕತ್ತರಿಸುವಂತಿಲ್ಲ, ಕೊರೆಯುವಂತಿಲ್ಲ. ನಡುಮೈಗೆ ಬಿದ್ದ ಪೆಟ್ಟನ್ನು ತಾಳಿದ ಗಾಜು ಅಂಚಿಗೆ ತಗಲಿದ ಸಣ್ಣ ಪೆಟ್ಟಿಗೆ ಪುಡಿಯಾದೀತು. ಮೇಲಾಗಿ, ಗಾಜಿನೊಳಗೆ ನಿಕ್ಕಲ್ ಗಂಧಕದ ಸೂಕ್ಷ್ಮ ಕಣವೊಂದು ಸೇರಿಕೊಂಡಿದ್ದರೆ, ಅದು ಕಾಲಕ್ರಮದಲ್ಲಿ ಉಬ್ಬಿ, ಯಾರೂ ಮುಟ್ಟದೆ ಇದ್ದಾಗಲೂ ಫಲಕವು ಒಡೆಯಬಹುದು. ಹೀಗೆ ಒಡೆದುದನ್ನು ಕಂಡು ದೃಷ್ಟಿ ತಗಲಿತೆನ್ನುವವರುಂಟು. ಕಾರಣವು ಆ ಕಣದಲ್ಲಿರುವುದು. ಎತ್ತರದ ಕಟ್ಟಡಗಳಿಗೆ ಕಳುಹುವ ಗಾಜನ್ನು ಕಾರ್ಖಾನೆಯಲ್ಲಿಯೇ ಮತ್ತೊಮ್ಮೆ ಕೆಲವು ಗಂಟೆಗಳ ಕಾಲ ಬಿಸಿಯಲ್ಲಿರಿಸಿ, ಕಣವುಳ್ಳ ಫಲಕಗಳು ಅಲ್ಲಿಯೇ ಒಡೆದುಹೋಗುವಂತೆ ಪರೀಕ್ಷಿಸುವ ಪದ್ಧತಿಯು ಈ ಕಾರಣದಿಂದಲೇ ಹುಟ್ಟಿತು.

ಎರಡನೆಯ ಜಾತಿ ಪದರಗಾಜು; ವ್ಯಾಪಾರದಲ್ಲಿ ಇದಕ್ಕೆ ‘ಲ್ಯಾಮಿನೇಟೆಡ್’ ಎಂದು ಹೆಸರು. ಇದರ ಹುಟ್ಟಿನ ಕಥೆ ಸ್ವಾರಸ್ಯವಾದುದು. ೧೯೦೩ರಲ್ಲಿ ಫ್ರಾನ್ಸಿನ ಬೆನೆಡಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞನ ಗಾಜಿನ ಸೀಸೆಯೊಂದು ಕೆಳಕ್ಕೆ ಬಿದ್ದು ಬಿರಿಯಿತಾದರೂ ಚೆದರಲಿಲ್ಲ. ಅದರಲ್ಲಿದ್ದ ದ್ರವವು ಆವಿಯಾಗಿ ಒಳಗೋಡೆಗೆ ತೆಳುವಾದ ಪೊರೆಯೊಂದು ಅಂಟಿಕೊಂಡು ಚೂರುಗಳನ್ನು ಹಿಡಿದಿದ್ದಿತು. ಆತನು ಈ ಸಂಗತಿಯನ್ನೇ ಹಿಡಿದು ಸಾಗಿ, ಎರಡು ಗಾಜುಗಳ ನಡುವೆ ಪೊರೆಯಿಟ್ಟು ಬೆಸೆಯುವ ಕ್ರಮಕ್ಕೆ ೧೯೦೯ರಲ್ಲಿ ಹಕ್ಕುಪತ್ರವನ್ನು ಪಡೆದನು. ಈಗ ಕಟ್ಟಡಗಳ ಪದರಗಾಜಿನಲ್ಲಿ ಸಾಮಾನ್ಯವಾಗಿ ಪಿ.ವಿ.ಬಿ. ಎಂಬ ಮೆತುವಾದ ಪೊರೆಯನ್ನುಪಯೋಗಿಸುವರು. ಅದರ ದಪ್ಪವು ೦.೩೮ ಮಿಲಿಮೀಟರು, ಅಥವಾ ಅದರ ಎರಡರಷ್ಟು, ನಾಲ್ಕರಷ್ಟು ಇತ್ಯಾದಿಯಾಗಿರುವುದು. ಬಿಸಿಯಿಂದಲೂ ಒತ್ತಡದಿಂದಲೂ ಬೆಸೆದ ಮೇಲೆ ಪೊರೆಯು ಕಣ್ಣಿಗೆ ಕಾಣದಂತಾಗುವುದು.

ಹರಿಹರಕ್ಕೆ ಹೋಗಿ ಬಂದವರಿಗೆ ಈ ಗಾಜಿನ ಗುಣವನ್ನು ವಿವರಿಸುವುದು ಕಷ್ಟವಲ್ಲ. ಹೊಯ್ಸಳರ ಎರಡನೆಯ ನರಸಿಂಹನ ಕಾಲದಲ್ಲಿ, ೧೨೨೪ರಲ್ಲಿ, ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಹರಿಯೂ ಹರನೂ ಒಂದೇ ಶರೀರದಲ್ಲಿ ನಿಂತಿರುವರಷ್ಟೆ. ಇಬ್ಬರೂ ತಮ್ಮ ತಮ್ಮ ಲಕ್ಷಣವನ್ನು ಬಿಟ್ಟಿಲ್ಲ. ಆದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಲ್ಲ. ಪದರಗಾಜಿನಲ್ಲಿಯೂ ಹಾಗೆಯೇ. ಪೆಟ್ಟು ಬಿದ್ದರೆ ಗಾಜು ತನ್ನ ಸ್ವಭಾವದಂತೆ ಒಡೆದೇ ಒಡೆಯುವುದು. ಪೊರೆಯು ತನ್ನ ಸ್ವಭಾವದಂತೆ ಹಿಡಿದೇ ಹಿಡಿಯುವುದು. ಜೇಡರಬಲೆಯಂತೆ ಬಿರುಕುಗಳು ಹರಡಿದರೂ ಫಲಕವು ಚೌಕಟ್ಟಿನಲ್ಲಿಯೇ ನಿಂತಿರುವುದು. ಆದುದರಿಂದ ಅದಕ್ಕೆ ಬಂದು ಬಡಿದವನು ಗಾಜನ್ನು ತೂರಿಕೊಂಡು ಆಚೆಗೆ ಬೀಳುವ ಅಪಾಯವು ಬಹುಮಟ್ಟಿಗೆ ತಪ್ಪುವುದು.

ಈ ಎರಡು ಜಾತಿಗಳ ಭೇದವನ್ನು ಪ್ರತ್ಯಕ್ಷವಾಗಿ ನೋಡಲು ಮೋಟಾರುಕಾರೊಂದು ಸಾಕು. ಕಾರಿನ ಮುಂಗಾಜು ಪದರಗಾಜು. ಕಲ್ಲು ಬಡಿದರೆ ಬಿರುಕುಬಿಟ್ಟು ಅಲ್ಲಿಯೇ ನಿಲ್ಲುವುದು. ಪಕ್ಕದ ಗಾಜು ಸಾಮಾನ್ಯವಾಗಿ ಹದಗೊಳಿಸಿದುದು. ಒಡೆದರೆ ಹರಳುಹರಳಾಗಿ ಉದುರುವುದು. ಮುಂದೆ ಕುಳಿತವನನ್ನು ಒಳಗೆ ಹಿಡಿದಿಡಬೇಕು, ಅಪಾಯ ಬಂದಾಗ ಪಕ್ಕದಿಂದ ಹೊರಬರಲು ದಾರಿ ಇರಬೇಕು. ಒಂದೊಂದು ಸ್ಥಳಕ್ಕೂ ಅದಕ್ಕೆ ತಕ್ಕ ಗಾಜೆಂಬ ನ್ಯಾಯವು ಅಲ್ಲಿ ಅಡಗಿರುವುದು. ಮನೆಗೂ ಇದೇ ನ್ಯಾಯವನ್ನು ಅನ್ವಯಿಸಿಕೊಳ್ಳಬೇಕು.

ಅದು ಹೇಗೆಂದರೆ: ಬಾಗಿಲು, ಬಾಗಿಲ ಪಕ್ಕದ ಫಲಕ, ನೆಲದವರೆಗೆ ಇಳಿದ ಕಿಟಕಿ, ಸ್ನಾನದ ಮನೆಯ ತಡಿಕೆ, ಇಲ್ಲೆಲ್ಲ ಓಡುವ ಮಕ್ಕಳೂ ಜಾರುವ ವೃದ್ಧರೂ ಬಂದು ಬಡಿಯುವ ಸಂಭವವಿರುವುದು. ಇಲ್ಲಿ ಹದಗೊಳಿಸಿದ ಗಾಜಾದರೂ ಆಗಲಿ, ಪದರಗಾಜಾದರೂ ಆಗಲಿ, ಎರಡರಲ್ಲೊಂದು ಇರಲೇಬೇಕು. ಸಾದಾ ಗಾಜು ಸಲ್ಲದು. ಮೆಟ್ಟಿಲಿನ ರೇಲಿಂಗು, ಮಹಡಿಯ ಕೈಸಾಲೆಯ ಅಂಚು, ಇಲ್ಲಿ ಒಡೆದ ಗಾಜು ಪೂರ್ತಿ ಉದುರಿಹೋದರೆ ಒರಗಿದವನಿಗೆ ಆಸರೆಯೇ ಇಲ್ಲದಂತಾಗುವುದು. ಆದಕಾರಣ ಹದಗೊಳಿಸಿದ ಎರಡು ಫಲಕಗಳನ್ನು ಪೊರೆಯಿಂದ ಬೆಸೆದ ಪದರಗಾಜು ಇಲ್ಲಿಗೆ ಉತ್ತಮ. ತಲೆಯ ಮೇಲಿನ ಛಾವಣಿಗೂ ಪದರಗಾಜೇ ತಕ್ಕುದು. ಹರಳುಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿ ಎತ್ತರದಿಂದ ಬಿದ್ದರೆ ಕಲ್ಲುಸಕ್ಕರೆಯೂ ಕಲ್ಲೇ ಆಗುವುದು.

ಗಾಜಿನ ಛಾವಣಿಯ ಮಾತು ಬಂದಾಗ ನಮ್ಮೂರಿನವರಿಗೆ ಕುಂದುವಾಡ ಕೆರೆಯ ಬಳಿಯ ಗಾಜಿನ ಮನೆಯು ನೆನಪಿಗೆ ಬಾರದಿರದು. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ದಾವಣಗೆರೆಯವರೂ ಹರಿಹರದವರೂ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುವರು. ಅದಕ್ಕೆ ಮಾದರಿಯಾದುದು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ. ಅದರ ಶಂಕುಸ್ಥಾಪನೆಯು ೧೮೮೯ರಲ್ಲಿ ನಡೆಯಿತು. ಅದಕ್ಕೂ ಮೂಲವು ೧೮೫೧ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಸ್ಫಟಿಕ ಭವನ. ಲಾಲ್‌ಬಾಗಿನ ಮನೆಯು ಎದ್ದಾಗ ಲೋಕದಲ್ಲಿ ಪದರಗಾಜೇ ಇರಲಿಲ್ಲ. ರೂಪವನ್ನು ನಾವು ಹಳೆಯದರಿಂದ ಪಡೆಯಬಹುದು; ಗಾಜನ್ನು ಮಾತ್ರ ನಮ್ಮ ಕಾಲದ ತಿಳಿವಳಿಕೆಯಿಂದ ಆರಿಸಬೇಕು.

ಕೆಲವು ಗಾಜುಗಳು ಸುರಕ್ಷಾಗಾಜಿನ ವೇಷವನ್ನು ಧರಿಸಿ ಬರುವುವು; ಅವುಗಳ ವಿಷಯದಲ್ಲಿ ಎಚ್ಚರವಿರಲಿ. ಒಳಗೆ ತಂತಿಯ ಬಲೆಯಿರುವ ಗಾಜನ್ನು ಕಂಡು ಅದು ಬಲವೆಂದು ಭಾವಿಸುವರು. ಅಮೆರಿಕದ ಫ್ರಾಂಕ್ ಷೂಮನ್ ಎಂಬಾತನು ೧೮೯೨ರಲ್ಲಿ ಹಕ್ಕುಪತ್ರ ಪಡೆದ ಈ ತಂತಿಗಾಜು ಬೆಂಕಿಯಲ್ಲಿ ಬಿರಿದರೂ ಕೂಡಲೇ ಬೀಳದೆಂಬುದು ನಿಜ. ಆದರೆ ಕೈ ಬಡಿದರೆ ಅದು ಸಾದಾ ಗಾಜಿಗಿಂತಲೂ ಸುಲಭವಾಗಿ ಒಡೆದು, ಗಾಜಿನ ಜೊತೆಗೆ ತಂತಿಯೂ ಚುಚ್ಚುವುದು. ಅರೆಹದದ ಗಾಜೆಂಬುದೊಂದಿದೆ, ಸಾದಾ ಗಾಜಿನ ಎರಡರಷ್ಟು ಬಲವಿದ್ದರೂ ಒಡೆದಾಗ ದೊಡ್ಡ ತುಂಡುಗಳಾಗುವುದರಿಂದ ಒಂಟಿಯಾಗಿ ಅದು ಸುರಕ್ಷಾಗಾಜಲ್ಲ. ನಡುವೆ ಗಾಳಿಯ ತೆರಪಿರುವ ಜೋಡಿಗಾಜು ಬಿಸಿಲನ್ನೂ ಸದ್ದನ್ನೂ ತಗ್ಗಿಸುವುದಕ್ಕಾಗಿ ಹುಟ್ಟಿದುದು. ಅದರ ಫಲಕಗಳು ಸಾದಾ ಆಗಿದ್ದರೆ ಅಪಾಯವೂ ಜೋಡಿಯೇ. ಹದಗೊಳಿಸಿದ ಗಾಜು ಬೆಂಕಿಯನ್ನು ತಡೆಯುವುದೆಂದು ನಂಬುವುದೂ ಭ್ರಮೆ. ಬೆಂಕಿಗೆಂದೇ ಮಾಡಿದ ಗಾಜಿನ ಜಾತಿಯು ಪ್ರತ್ಯೇಕವಾಗಿರುವುದು.

ಬೆಂಕಿಯ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯಲಾಗದು. ೨೦೧೦ರ ಫೆಬ್ರವರಿ ೨೩ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಗಾಜಿನ ಮುಸುಕುಳ್ಳ ಕಟ್ಟಡದಲ್ಲಿ ಬೆಂಕಿಯೆದ್ದು ಒಂಬತ್ತು ಮಂದಿ ಪ್ರಾಣವನ್ನು ಕಳೆದುಕೊಂಡರು. ಹೊಗೆಯು ಒಳಗೆ ತುಂಬಿಕೊಂಡಾಗ ಉಸಿರಿಗಾಗಿ ಗಾಜನ್ನೊಡೆದು ಕೆಳಕ್ಕೆ ಹಾರಿದವರೂ ಇದ್ದರು. ಒಡೆಯದಿರುವುದೇ ಗಾಜಿನ ಗುಣವೆಂದು ಎಲ್ಲ ಕಡೆಗೂ ಭದ್ರವಾಗಿ ಮುಚ್ಚಿದರೆ, ಆಪತ್ಕಾಲದಲ್ಲಿ ಆ ಗುಣವೇ ದೋಷವಾಗುವುದು. ಪದರಗಾಜನ್ನು ಒಳಗಿನಿಂದ ಒಡೆದು ಹೊರಬರುವುದು ಬಹಳ ಕಷ್ಟ. ಆದಕಾರಣ ಪ್ರತಿ ಅಂತಸ್ತಿನಲ್ಲಿಯೂ ತೆರೆಯಬಲ್ಲ ಕಿಟಕಿಗಳಿರಬೇಕು. ಕಬ್ಬಿಣದ ಸರಳುಗಳನ್ನು ಹಾಕಿಸುವವರು ಒಂದು ಕಡೆಯಾದರೂ ಒಳಗಿನಿಂದ ತೆರೆಯುವಂತೆ ಏರ್ಪಡಿಸಬೇಕು. ಮೆಟ್ಟಿಲ ದಾರಿಯಲ್ಲಿ ಸಾಮಾನನ್ನು ಒಟ್ಟಬಾರದು.

ಇದನ್ನೆಲ್ಲ ಕೊಳ್ಳುವವನು ತಿಳಿಯುವುದು ಹೇಗೆಂದು ವಾಚಕರು ಕೇಳಬಹುದು. ಕಟ್ಟಡಗಳ ಸುರಕ್ಷಾಗಾಜಿಗೆ ಭಾರತೀಯ ಮಾನಕ ಸಂಸ್ಥೆಯು ಐ.ಎಸ್. ೨೫೫೩ರ ಮೊದಲನೆಯ ಭಾಗವನ್ನು ನಿಯಮವಾಗಿ ಇಟ್ಟಿರುವುದು. ಯಾವ ಸ್ಥಳಕ್ಕೆ ಯಾವ ಗಾಜೆಂಬುದನ್ನು ಐ.ಎಸ್. ೧೬೨೩೧ ವಿವರಿಸುವುದು, ಅದರ ನಾಲ್ಕನೆಯ ಭಾಗವು ಮನುಷ್ಯರು ಬಂದು ಬಡಿಯುವ ಅಪಾಯಕ್ಕಾಗಿಯೇ ಮೀಸಲು. ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿಯೂ ಗಾಜಿಗೆ ಪ್ರತ್ಯೇಕ ಪ್ರಕರಣವಿರುವುದು. ಕೇಂದ್ರ ಸರ್ಕಾರವು ಸುರಕ್ಷಾಗಾಜಿನ ಗುಣನಿಯಂತ್ರಣಕ್ಕಾಗಿ ೨೦೨೦ರಲ್ಲಿ ಆಜ್ಞೆಯೊಂದನ್ನು ಹೊರಡಿಸಿತು. ಗೃಹಸ್ಥನು ಇವನ್ನೆಲ್ಲ ಕಂಠಪಾಠ ಮಾಡಬೇಕಾಗಿಲ್ಲ. ಫಲಕದ ಮೂಲೆಯಲ್ಲಿ ಅಳಿಸಲಾಗದಂತೆ ಮೂಡಿಸಿದ ಮುದ್ರೆಯನ್ನೂ ಐ.ಎಸ್.ಐ. ಗುರುತನ್ನೂ ನೋಡಿದರೆ ಸಾಕು. ಮುದ್ರೆಯಿಲ್ಲದ ಗಾಜನ್ನು ಬರಿಯ ಬಾಯಿಮಾತಿನ ಮೇಲೆ ಟಫನ್ಡ್ ಎಂದು ಒಪ್ಪಬಾರದು. ಪದರಗಾಜಾದರೆ ಅಂಚನ್ನು ದಿಟ್ಟಿಸಿದಾಗ ನಡುವೆ ಪೊರೆಯ ಗೆರೆಯೊಂದು ಕಾಣುವುದು. ಬಿಲ್ಲಿನಲ್ಲಿಯೂ ಜಾತಿ, ದಪ್ಪ, ಮಾನಕದ ಸಂಖ್ಯೆ ಈ ಮೂರನ್ನು ಬರೆಯಿಸಿಕೊಳ್ಳುವುದು ಜಾಣತನ.

ಈಗಾಗಲೇ ಸಾದಾ ಗಾಜು ಹಾಕಿಸಿದವರು ಗಾಬರಿಯಾಗಬೇಕಾಗಿಲ್ಲ. ಮೊದಲು ಅಪಾಯದ ಸ್ಥಳಗಳ ಗಾಜನ್ನು ಬದಲಾಯಿಸಲಿ. ಅದಕ್ಕೆ ಕೂಡಲೇ ಅನುಕೂಲವಿಲ್ಲದಿದ್ದರೆ, ಚೂರುಗಳನ್ನು ಹಿಡಿದಿಡುವಂಥ ಸುರಕ್ಷಾಪೊರೆಯನ್ನು ಗಾಜಿಗೆ ಅಂಟಿಸುವುದುಂಟು. ಅದು ಬರಿಯ ಬಿಸಿಲುತಡೆಯ ಬಣ್ಣದ ಕಾಗದವಾಗಿರಬಾರದು. ದೊಡ್ಡ ಗಾಜಿನ ಬಾಗಿಲಿಗೆ ದೊಡ್ಡವರ ಕಣ್ಣೆತ್ತರದಲ್ಲೊಂದು, ಮಕ್ಕಳ ಕಣ್ಣೆತ್ತರದಲ್ಲೊಂದು ಪಟ್ಟಿಯನ್ನು ಅಂಟಿಸಿದರೆ ತೆರೆದ ದಾರಿಯೆಂದು ಭ್ರಮಿಸಿ ನುಗ್ಗುವುದು ತಪ್ಪುವುದು. ಬಾಗಿಲ ಮುಂದೆ ಜಾರುವ ಜಮಖಾನೆ ಬೇಡ. ಗಾಜು ಹೊದಿಸಿದ ದೇವರ ಪಟವನ್ನು ತೊಟ್ಟಿಲಿನ ಮೇಲಾಗಲಿ, ಮಲಗುವವರ ತಲೆಯ ಮೇಲಾಗಲಿ ತೂಗುಹಾಕಬಾರದು. ಗಾಜು ಒಡೆದಾಗ ಮಕ್ಕಳನ್ನು ದೂರ ನಿಲ್ಲಿಸಿ, ಮೆಟ್ಟು ತೊಟ್ಟು ದೊಡ್ಡ ಚೂರುಗಳನ್ನು ಎತ್ತಿ, ಉಳಿದುದನ್ನು ಗುಡಿಸಿ, ಕೊನೆಗೆ ನಾದಿದ ಹಿಟ್ಟಿನ ಮುದ್ದೆಯನ್ನು ನೆಲಕ್ಕೊತ್ತಿದರೆ ಸೂಕ್ಷ್ಮವಾದ ಪುಡಿಯೂ ಅದಕ್ಕೆ ಹತ್ತಿಕೊಳ್ಳುವುದು. ಆ ಹಿಟ್ಟನ್ನು ದನಕ್ಕೆ ಹಾಕದೆ ಕಟ್ಟಿ ಬಿಸಾಡಬೇಕು. ಮೈಯಲ್ಲಿ ಆಳವಾಗಿ ನೆಟ್ಟ ಚೂರನ್ನು ಮನೆಯಲ್ಲಿ ಕೀಳಬಾರದು. ಸುತ್ತಲೂ ಬಟ್ಟೆಯಿಂದ ಒತ್ತಿಹಿಡಿದು ಆಸ್ಪತ್ರೆಗೆ ಧಾವಿಸಬೇಕು.

ಸುರಕ್ಷಾಗಾಜಿಗೆ ಹಣ ಹೆಚ್ಚೆಂಬ ಆಕ್ಷೇಪಣೆಯು ಬರುವುದು. ಹೆಚ್ಚೇ ಸರಿ. ಆದರೆ ಗೃಹಪ್ರವೇಶಕ್ಕೆ ಬಂದವರು ಹೊಗಳಲೆಂದು ನೆಲದ ಹೊಳಪಿಗೂ ಬಾಗಿಲಿನ ಕೆತ್ತನೆಗೂ ಕೈಬಿಚ್ಚಿ ಸುರಿಯುವವರು, ಮಕ್ಕಳು ದಿನವೂ ಮುಟ್ಟುವ ಗಾಜಿನಲ್ಲಿ ಮಿತವ್ಯಯವನ್ನು ಸಾಧಿಸುವುದು ವಿವೇಕವಲ್ಲ. ಹಣ ಸಾಲದಿದ್ದರೆ ಮೆಟ್ಟಿಲಿಗೆ ಗಾಜೇ ಬೇಡ. ಕಬ್ಬಿಣದ ಸರಳೋ ಮರದ ಕಂಬಿಯೋ ಇರಲಿ. ಅದರಿಂದ ಮನೆಯ ಗೌರವವೇನೂ ಕುಂದದು. ಹಾಕಿಸುವುದೇ ಆದರೆ, ಅಂಗಡಿಯಲ್ಲಿ ದಪ್ಪವನ್ನೂ ದರವನ್ನೂ ಕೇಳುವುದಕ್ಕೆ ಮೊದಲು, “ಇದು ಒಡೆದರೆ ಏನಾಗುವುದು?” ಎಂದು ಕೇಳಿರಿ. ಅದಕ್ಕೆ ಮುದ್ರೆಯನ್ನು ತೋರಿಸಿ ಉತ್ತರವನ್ನು ಕೊಡುವವನಲ್ಲಿ ಕೊಳ್ಳಿರಿ.